ಅಮ್ಮಿಯ ಪಾಠ ನೋಡಲು ಬಂದವರು

ಅಮ್ಮಿ ಮನೆಯೊಳಗೆ ಮೆತ್ತಗೆ ಮಾತಾಡುತ್ತಿದ್ದಳು. ಶಾಲೆಯಲ್ಲಿ ಅವಳ ದನಿ ಕಬ್ಬಿನ ಹೊಲ ದಾಟಿ ಹಾದಿಯ ಮೇಲೆ ಹೋಗುವವರಿಗೂ ಕೇಳುತ್ತಿತ್ತು. ಒಬ್ಬಳೇ ಹೆಂಗಸಿಗೆ ಎರಡು ಗಂಟಲು ಹೇಗೆ ಬಂದವೆಂದು ಸಣ್ಣವಳಿದ್ದಾಗ ನಾನು ಬಹಳ ಯೋಚಿಸುತ್ತಿದ್ದೆ. ನಮ್ಮೂರು ಕರಜಗಿಯಿಂದ ನಡೆದರೆ ಮುಕ್ಕಾಲು ತಾಸಿನ ಹಾದಿ. ಮನೆಗೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಮಾತ್ರ ಶಹಾಬಾದಿನ ಫರಸಿ ಕಲ್ಲು. ಮುಂದೆ ಪಡಸಾಲೆ, ಬಲಕ್ಕೆ ಅಡುಗೆಮನೆ, ಹಿಂದೆ ಜೋಳದ ಚೀಲಗಳೂ ಹಾಸಿಗೆಗಳೂ ಅಮ್ಮಿಯ ಟ್ರಂಕೂ ಇದ್ದ ಒಂದು ಕತ್ತಲ ಕೋಣೆ. ಪಡಸಾಲೆಯ ಅರ್ಧ ಅಬ್ಬಾನದು. ಅವರು ಸುಟ್ಟುಹೋದ ನೀರಿನ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುತ್ತಿದ್ದರು, ಹೀಗಾಗಿ ಮನೆಯಲ್ಲಿ ಸದಾ ತಂತಿಗೆ ಬಳಿಯುವ ವಾರ್ನಿಶ್ಶಿನ ವಾಸನೆ. ಉಳಿದರ್ಧದಲ್ಲಿ ಬಾಗಿಲಿಗೆ ಹತ್ತಿ ದಾದಿಯ ಮಂಚ. ದಾದಿ ಅಬ್ಬಾನ ತಾಯಿ. ಲಕ್ವಾ ಹೊಡೆದು ಅವಳ ಬಲಗೈ ಬಲಗಾಲು ಸತ್ತಿದ್ದವು. ಮಾತು ಬರುತ್ತಿತ್ತು, ಆದರೆ ಬಾವಿಯಿಂದ ಕೊಡ ಎಳೆದ ಹಾಗೆ ತಡವಾಗಿ ಬರುತ್ತಿತ್ತು. ಅಷ್ಟು ಹೊತ್ತು ಕಾಯುವವರು ಯಾರು? ಅವಳಿಗೆ ಕೇಳಿದ ಪ್ರಶ್ನೆಗೆ ನಾವೇ ಉತ್ತರ ಹೇಳಿಬಿಡುತ್ತಿದ್ದೆವು. ಮನೆಯಲ್ಲಿ ನಾವು ಆಡುತ್ತಿದ್ದದ್ದು ನಮ್ಮ ಕಡೆಯ ಉರ್ದು. ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಶಾಲೆ ಮನೆಯಿಂದ ಇನ್ನೂರು ಹೆಜ್ಜೆ. ಅಮ್ಮಿ ಅಲ್ಲಿ ಮೂರನೇ ತರಗತಿಯ ಟೀಚರು, ನಾನು ಮೂರನೇ ತರಗತಿಯ ಹುಡುಗಿ. ಶಾಲೆ ಆರಂಭವಾದ ಮೊದಲ ದಿನವೇ ಅವಳು ನನ್ನ ಜಡೆ ಹೆಣೆಯುತ್ತ ಹೇಳಿದ್ದಳು, ‘ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ನಾನು ಅಮ್ಮಿ ಅಲ್ಲ. ಎಲ್ಲರಿಗೂ ಟೀಚರ್ ಅಂದರೆ ನಿನಗೂ ಟೀಚರ್.’ ಆ ಮಾತನ್ನು ಅವಳು ನನಗಿಂತ ಗಟ್ಟಿಯಾಗಿ ಪಾಲಿಸಿದಳು. ನನ್ನನ್ನು ಕೊನೆಯ ಸಾಲಿನಲ್ಲಿ ಕೂಡಿಸಿದಳು. ವರ್ಷದ ಅರ್ಧ ಕಳೆದರೂ ಒಂದು ಪ್ರಶ್ನೆ ಕೇಳಲಿಲ್ಲ. ಅವಳು ಪಾಠದ ಒಂದು ಸಾಲು ಓದಿದರೆ ನಾವು ಮೂರು ಸಲ ಕೂಗುತ್ತಿದ್ದೆವು. ಕೂಗಿ ಕೂಗಿ ನನಗೆ ಆದ ಪಾಠಗಳೆಲ್ಲ ಕಿವಿಯಿಂದಲೇ ಬಾಯಿಗೆ ಬಂದವು. ಓದಲು ಮಾತ್ರ ಬರುತ್ತಿರಲಿಲ್ಲ. ಅಕ್ಷರಗಳು ನನಗೆ ಗೋಡೆಯ ಮೇಲಿನ ಇರುವೆ ಸಾಲಿನಂತೆ ಕಾಣುತ್ತಿದ್ದವು. ಎಲ್ಲಿಂದ ಬಂದವು, ಎಲ್ಲಿಗೆ ಹೋಗುತ್ತವೆ, ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಇದು ಯಾರಿಗೂ ತಿಳಿದಿರಲಿಲ್ಲ, ಅಮ್ಮಿಗೂ ಕೂಡ. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಅಮ್ಮಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲು ಶುರುಮಾಡಿದರೆ ನಾನು ದಾದಿಯ ಮಂಚದ ತುದಿಗೆ ಕುಳಿತು ಕನ್ನಡ ಪುಸ್ತಕ ಬಿಚ್ಚಿ ಜೋರಾಗಿ ‘ಓದು’ತ್ತಿದ್ದೆ. ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ಕೋಳಿಯ ಚಿತ್ರದ ಪುಟದಲ್ಲಿ ಯಾವ ಮಾತಿಗೆ ಪುಟ ತಿರುವಬೇಕು, ಕೆರೆಯ ಚಿತ್ರದಲ್ಲಿ ಯಾವ ಮಾತಿಗೆ, ಎಲ್ಲ ಲೆಕ್ಕ ಇಟ್ಟಿದ್ದೆ. ಅಬ್ಬಾ ತಂತಿ ಸುತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ದಾದಿ ಎಡಗೈಯಿಂದ ನನ್ನ ತಲೆ ಸವರುತ್ತಿದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಿನ ನಡುವೆ ಅಮ್ಮಿ ಒಂದೊಂದು ಸಲ ‘ಶಾಬಾಶ್’ ಅನ್ನುತ್ತಿದ್ದಳು. ಶಾಲೆಯಲ್ಲಿ ಸಿಗದ ಅವಳ ಗಮನ ನನಗೆ ಅಲ್ಲಿ ಸಿಗುತ್ತಿತ್ತು. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಆ ಚಳಿಗಾಲದಲ್ಲಿ ಊರಿನ ಕೆಲವರಿಗೆ ಒಂದು ಅನುಮಾನ ಬಂತು. ಸಂತೆಯಿಂದ ಬೆಲ್ಲ ಸುತ್ತಿಸಿಕೊಂಡು ಬಂದ ಪತ್ರಿಕೆಯ ತುಂಡನ್ನು ಯಾರೋ ಮೂರನೇ ತರಗತಿಯ ತಮ್ಮ ಮಗನ ಮುಂದೆ ಹಿಡಿದು ಓದು ಅಂದರಂತೆ. ಪುಸ್ತಕವನ್ನು ಗಿಳಿಯ ಹಾಗೆ ಒಪ್ಪಿಸುವ ಆ ಹುಡುಗನಿಗೆ ಒಂದು ಪದವೂ ಬರಲಿಲ್ಲ. ಆ ಕಾಗದದ ತುಂಡು ನಾಲ್ಕಾರು ಮನೆಗಳಿಗೆ ಹೋಯಿತು. ಎಲ್ಲ ಕಡೆ ಅದೇ ಕಥೆ. ಕೊನೆಗೆ ತಾಲ್ಲೂಕಿನ ಕಚೇರಿಗೆ ದೂರು ಮುಟ್ಟಿ, ಅಲ್ಲಿಂದ ಅಮ್ಮಿಗೆ ಪತ್ರ ಬಂತು. ಒಬ್ಬರು ಬಂದು ಕೆಲವು ವಾರ ಅವಳ ಪಾಠ ನೋಡುತ್ತಾರೆ, ನೋಡಿ ವರದಿ ಕೊಡುತ್ತಾರೆ. ವರದಿ ಸರಿ ಇಲ್ಲದಿದ್ದರೆ ಬೇರೆ ಕಡೆ ಕಳಿಸಬೇಕಾಗುತ್ತದೆ. ಬೇರೆ ಕಡೆ ಅಂದರೆ ಆಳಂದದ ಆಚೆ, ಮಹಾರಾಷ್ಟ್ರದ ಗಡಿಯ ಹಳ್ಳಿಗಳು ಎಂದು ಹೆಡ್‌ಮಾಸ್ತರರು ಕಿವಿಯಲ್ಲಿ ಹೇಳಿದ್ದರು. ಅಂದಿನ ಊಟದಲ್ಲಿ ಯಾರ ಕೈಯೂ ತಟ್ಟೆಗೆ ಸರಿಯಾಗಿ ಇಳಿಯಲಿಲ್ಲ. ದಾದಿಗೆ ಉಣ್ಣಿಸುವವಳು, ಮೈ ತೊಳೆಯುವವಳು ಅಮ್ಮಿ. ಅಬ್ಬಾನ ಗಿರಾಕಿಗಳೆಲ್ಲ ಇದೇ ಹೊಳೆಸಾಲಿನವರು. ಅಮ್ಮಿ ಹೋದರೆ ಮನೆ ಎರಡಾಗುತ್ತಿತ್ತು.

‘ಬಂದವರಿಗೆ ಮನೆಗೆ ಕರೆದು ಊಟ ಹಾಕೋಣ,’ ಅಂದರು ಅಬ್ಬಾ. ‘ಒಳ್ಳೆಯ ಮಾತು ನಾಲ್ಕು ಬರೀತಾರೆ.’

‘ಊಟಕ್ಕೆ ಕರೀತೇನೆ, ಹಸಿದು ಬಂದಿರ್ತಾರೆ ಅಂತ. ಬರೆಸಿಕೊಳ್ಳಲಿಕ್ಕೆ ಅಲ್ಲ,’ ಅಮ್ಮಿ ಅಂದಳು. ‘ನಾನು ಒಂದು ದಿನ ತಡವಾಗಿ ಹೋದವಳಲ್ಲ. ಪಾಠ ಬಿಟ್ಟವಳಲ್ಲ. ನೋಡಲಿ.’

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜ್ವರ ಬಂದ ದಿನವೂ ಅವಳು ಶಾಲು ಹೊದ್ದು ಕೂಗಿ ಕೂಗಿ ಪಾಠ ಮಾಡಿದ್ದನ್ನು ನಾನು ನೋಡಿದ್ದೆ. ಆದರೆ ನನ್ನ ಗುಟ್ಟು ನನ್ನಲ್ಲೇ ಇತ್ತು. ಬೆಲ್ಲದ ಕಾಗದ ಹಿಡಿದವರು ನಮ್ಮ ಮನೆಗೆ ಬಂದಿರಲಿಲ್ಲ. ಟೀಚರ ಮಗಳನ್ನು ಯಾರು ಪರೀಕ್ಷಿಸುತ್ತಾರೆ?

ಬಂದವರ ಹೆಸರು ಶರಣಮ್ಮ. ಸುತ್ತಲಿನ ಹತ್ತು ಹನ್ನೆರಡು ಶಾಲೆಗಳಿಗೆ ಹೋಗಿ ಪಾಠ ನೋಡಿ ಶಿಕ್ಷಕರಿಗೆ ನೆರವಾಗುವುದು ಅವರ ಕೆಲಸ. ಊರಿನವರ ಬಾಯಲ್ಲಿ ಅದು ತಪಾಸಣೆ, ಅವರು ತಪಾಸಣೆಯ ಮೇಡಂ. ಕರಜಗಿಯಲ್ಲಿ ಬಸ್ಸಿಳಿದು ಕೊಡೆ ಹಿಡಿದು ನಡೆದು ಬಂದರು. ಎತ್ತರದ ಮೈ, ಹಣೆಗೆ ದೊಡ್ಡ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹೆಗಲಿಗೆ ಬಟ್ಟೆಯ ಚೀಲ. ಹೆಡ್‌ಮಾಸ್ತರರು ಕುರ್ಚಿ ತರಿಸಿದರು. ಅವರು ಕುರ್ಚಿಯನ್ನು ಗೋಡೆಗೆ ಸರಿಸಿ, ಸೀದಾ ಹಿಂದೆ ಬಂದು, ಕೊನೆಯ ಸಾಲಿನಲ್ಲಿ ನನ್ನ ಪಕ್ಕ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತರು. ಅಧಿಕಾರಿಯೊಬ್ಬರು ನೆಲಕ್ಕೆ ಕೂಡಬಹುದೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅಮ್ಮಿಯ ದನಿ ಅಂದು ಇನ್ನೂ ಏರಿತು. ಶರಣಮ್ಮ ಚೀಲ ಬಿಚ್ಚಿದರು. ಒಂದು ಹಾಳೆಯ ಮೇಲೆ ಸಣ್ಣ ಸಣ್ಣ ಚೌಕ ಬರೆದುಕೊಂಡರು. ಆಮೇಲೆ ಅಮ್ಮಿ ಪ್ರಶ್ನೆ ಕೇಳಿದಾಗಲೆಲ್ಲ ಒಂದೊಂದು ಗೆರೆ ಎಳೆದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನಾವು ಪಾಠ ಕೂಗುತ್ತಿದ್ದಾಗ ಅವರು ನನ್ನ ಕಡೆ ಬಾಗಿ, ಪುಸ್ತಕದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ‘ಇದೇನ್ ಅದವಾ?’ ಅಂದರು. ನಾನು ಸಾಲಿನ ಮೊದಲಿನಿಂದ ಶುರುಮಾಡಿದೆ. ಅವರು ತಮ್ಮ ಅಂಗೈಯಿಂದ ಉಳಿದ ಪದಗಳನ್ನು ಮುಚ್ಚಿದರು. ನಾನು ಆ ಒಂಟಿ ಪದವನ್ನೇ ನೋಡುತ್ತ ಕುಳಿತೆ. ಅವರು ಕೈ ತೆಗೆದು, ಬೆನ್ನು ಸವರಿ, ಮತ್ತೆ ಮುಂದೆ ನೋಡಿದರು.

ಆ ದಿನ ಮಧ್ಯಾಹ್ನ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾದ ಹಿಂಡಿ. ದಾದಿಯ ಮಂಚದ ಪಕ್ಕ ಚಾಪೆ ಹಾಸಿತ್ತು. ಅವರು ಆಳಂದದ ಆಚೆಯ ಖಜೂರಿಯವರೆಂದು ತಿಳಿದು ಅಬ್ಬಾನ ಮುಖ ಸಣ್ಣದಾಯಿತು. ಅಮ್ಮಿಯನ್ನು ಕಳಿಸುತ್ತಾರೆ ಅನ್ನುತ್ತಿದ್ದದ್ದು ಆ ದಿಕ್ಕಿಗೇ. ಊಟ ಅರ್ಧವಾದಾಗ ಶರಣಮ್ಮ ಕೈ ತೊಳೆದುಕೊಂಡು ಬಂದು ಚೀಲದಿಂದ ಆ ಹಾಳೆ ತೆಗೆದು ಅಮ್ಮಿಯ ಮುಂದೆ ಹರಡಿದರು.

‘ಟೀಚರ್, ಇದು ನಿಮ್ಮ ಕ್ಲಾಸ್ ನೋಡ್ರಿ. ಒಂದೊಂದು ಮನಿ ಒಂದೊಂದು ಕೂಸು. ಯಾರಿಗಿ ನೀವು ಪ್ರಶ್ನಿ ಕೇಳೀರಿ, ಆ ಮನ್ಯಾಗ ನಾ ಗೆರಿ ಹಾಕೇನಿ. ಮೂರು ದಿನದ್ದು ಅದ.’

ಮುಂದಿನ ಎರಡು ಸಾಲಿನ ಚೌಕಗಳು ಗೆರೆಗಳಿಂದ ಕಪ್ಪಾಗಿದ್ದವು. ನಡುವೆ ಅಲ್ಲೊಂದು ಇಲ್ಲೊಂದು. ಹಿಂದಿನ ಸಾಲು ಬೆಳ್ಳಗೆ ಬಿದ್ದಿತ್ತು. ಶರಣಮ್ಮ ಅದರ ಮೂಲೆಯ ಚೌಕದ ಮೇಲೆ ಬೆರಳಿಟ್ಟರು.

‘ಈ ಮೂಲ್ಯಾಗಿಂದು ಯಾರ್ದ್ರಿ?’

‘ನನ್ನ ಮಗಳದು,’ ಅಮ್ಮಿ ಅಂದಳು. ‘ಆಕಿಗಿ ಕೇಳಿದ್ರ ಟೀಚರ್ ತಮ್ಮ ಮಗಳಿಗೇ ಕೇಳ್ತಾರ ಅಂತ ಮಂದಿ ಅಂತಾರ್ರಿ. ಅದಕ್ಕ ಕೇಳಂಗಿಲ್ಲ. ಪಕ್ಷಪಾತ ಮಾಡಬಾರ್ದಲ್ರಿ.’

‘ಕೇಳ್ಲಾರದೂ ಒಂದು ಪಕ್ಷಪಾತನೇ ಅಲ್ರಿ?’

ಶರಣಮ್ಮ ಇದನ್ನು ಚುಚ್ಚುವ ಹಾಗೆ ಹೇಳಲಿಲ್ಲ. ಆದರೂ ಅಮ್ಮಿಯ ಕುತ್ತಿಗೆ ಕೆಂಪಾಯಿತು. ‘ನನ್ನ ಮಗಳು ಮನ್ಯಾಗ ಇಡೀ ಪುಸ್ತಕ ಓದ್ತಾಳ್ರಿ ಮೇಡಂ,’ ಅಂದಳು. ನನ್ನ ಕಡೆ ತಿರುಗಿ, ‘ಶಾಹೀನ್, ಪುಸ್ತಕ ತಾ’ ಅಂದಳು. ನಾನು ತಂದುಕೊಟ್ಟೆ. ಅವಳೇ ಒಂದು ಪುಟ ಬಿಚ್ಚಿದಳು. ನಾನು ಶುರುಮಾಡಿದೆ, ನೀರು ಹರಿದ ಹಾಗೆ ಹರಿಯಿತು. ಅಮ್ಮಿ ಗೆದ್ದವಳ ಹಾಗೆ ಶರಣಮ್ಮನವರನ್ನು ನೋಡಿದಳು. ಅವರು ನನ್ನ ಬೆರಳಿನ ಕಡೆ ನೋಡುತ್ತಿದ್ದರು. ಅಮ್ಮಿಯ ಕಣ್ಣೂ ಅಲ್ಲಿಗೆ ಇಳಿಯಿತು. ಬೆರಳು ಎರಡನೆಯ ಸಾಲಿನಲ್ಲಿತ್ತು, ಬಾಯಿ ಐದನೆಯದರಲ್ಲಿ. ಅಮ್ಮಿ ಪುಸ್ತಕ ತೆಗೆದುಕೊಂಡು, ನಮ್ಮ ಪಾಠ ಇನ್ನೂ ಮುಟ್ಟದ ಕೊನೆಯ ಪುಟಗಳಲ್ಲಿ ಒಂದನ್ನು ತೆರೆದು ನನ್ನ ಮುಂದೆ ಇಟ್ಟಳು. ನಾನು ನೆಲ ನೋಡಿದೆ. ಅಬ್ಬಾ ತಂತಿ ಕೆಳಗಿಟ್ಟರು. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮಿ ಎದ್ದು ಅಡುಗೆಮನೆಗೆ ಹೋದಳು. ತಟ್ಟೆಗಳು ಒಂದರ ಮೇಲೊಂದು ಬೀಳುವ ಸದ್ದು ಬಂತು. ಹೊರಗೆ ಬಂದಾಗ ಅವಳ ಮುಖ ನನಗೆ ಗುರುತೇ ಸಿಗಲಿಲ್ಲ.

‘ಬರ್ಕೊಳ್ರಿ ಮೇಡಂ,’ ಅಂದಳು. ‘ಮಗಳಿಗೇ ಓದಾಕ ಕಲಸ್ಲಾರದಾಕಿ ಊರ ಮಕ್ಕಳಿಗಿ ಏನ್ ಕಲಸ್ತಾಳ ಅಂತ ಬರ್ಕೊಳ್ರಿ. ಖಜೂರಿಗರೆ ಕಳಸ್ರಿ, ಎಲ್ಲಿಗರೆ ಕಳಸ್ರಿ. ಈಗ ಹೋಗ್ರಿ.’

ಶರಣಮ್ಮ ಹಾಳೆಯನ್ನು ಮಡಚಿ, ದಾದಿಗೆ ಕೈಮುಗಿದು, ಕೊಡೆ ತೆಗೆದುಕೊಂಡು ಹೋದರು. ಅವರ ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಉಳಿದಿತ್ತು. ಆ ಸಂಜೆ ನಮ್ಮ ಮನೆಯಲ್ಲಿ ಪುಸ್ತಕ ಬಿಚ್ಚಲಿಲ್ಲ. ಅಬ್ಬಾ ಮತ್ತು ಅಮ್ಮಿ ಮೊದಲ ಸಲ ನನ್ನ ಎದುರಿಗೇ ಜಗಳಾಡಿದರು. ಅನ್ನ ಉಣ್ಣುವಾಗ ಕಳಿಸಿದೆ ಎಂದು ಅಬ್ಬಾ, ನಿಮಗೆ ಅನ್ನದ ಚಿಂತೆ ಎಂದು ಅಮ್ಮಿ. ನಾನು ದಾದಿಯ ಮಂಚದ ಕೆಳಗೆ ಮೋಟಾರಿನ ಕವಚಗಳ ನಡುವೆ ಕುಳಿತು, ಇದೆಲ್ಲ ನನ್ನ ಬೆರಳಿನಿಂದ ಆಯಿತಲ್ಲ ಎಂದು ಅಳುತ್ತಿದ್ದೆ.

ಮರುದಿನ ಅವರು ಬರುವುದಿಲ್ಲ ಅಂದುಕೊಂಡಿದ್ದೆವು. ಬಂದರು. ಈ ಸಲ ಹಿಂದೆ ಹೋಗಲಿಲ್ಲ. ಮೇಜಿನ ಬಳಿ ನಿಂತು ತಮ್ಮ ನೋಟುಪುಸ್ತಕ ಮತ್ತು ಪೆನ್ನನ್ನು ಅಮ್ಮಿಯ ಕೈಗೆ ಕೊಟ್ಟರು. ಅವಳ ಕೈಯಲ್ಲಿದ್ದ ಸೀಮೆಸುಣ್ಣವನ್ನು ತಾವು ತೆಗೆದುಕೊಂಡರು.

‘ಇವತ್ತ ನಾ ಕಲಸ್ತೇನಿ. ನೀವು ಹಿಂದ ಕುಂತು ನೋಡ್ರಿ. ಏನ್ ಕಾಣತದ ಅದು ಬರೀರಿ. ತಪ್ಪು ಆದ್ರ ತಪ್ಪಂತ ಬರೀರಿ.’

ಅಮ್ಮಿ ಬಂದು ನನ್ನ ಪಕ್ಕ ನೆಲಕ್ಕೆ ಕುಳಿತಳು. ಶಾಲೆಯಲ್ಲಿ ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿದ್ದು ಅದೇ ಮೊದಲು. ಶರಣಮ್ಮನವರ ಪಾಠ ಚೆನ್ನಾಗಿ ಹೋಗಲಿಲ್ಲ. ಇದನ್ನು ನಾನು ಎಷ್ಟು ವರ್ಷವಾದರೂ ಮರೆತಿಲ್ಲ. ಅವರು ‘ಪುಂಡಿ’ ಎಂದು ಹಲಗೆಯ ಮೇಲೆ ಬರೆದು ಇದು ಏನು, ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿದರು. ಉರ್ದು ಆಡುವ ನಮ್ಮಂಥವರ ಮನೆಯಲ್ಲಿ ಆ ಸೊಪ್ಪು ಅಂಬಾಡಾ. ಒಬ್ಬ ಹುಡುಗ ಹಾಗೆ ಅಂದಾಗ ಮುಂದಿನ ಸಾಲು ನಕ್ಕಿತು. ನಗು ತಡೆಯಲು ಹೋಗಿ ಅವರಿಗೆ ಪಾಠದ ದಾರಿ ತಪ್ಪಿತು. ಬಲಗಡೆಯ ಮಕ್ಕಳು ಗದ್ದಲ ಮಾಡಿದರು. ಒಂದು ಪ್ರಶ್ನೆಗೆ ಅವಸರದಲ್ಲಿ ತಾವೇ ಉತ್ತರ ಹೇಳಿಬಿಟ್ಟರು. ಗಂಟೆ ಬಾರಿಸಿದಾಗ ಓದುವ ಭಾಗ ಶುರುವೇ ಆಗಿರಲಿಲ್ಲ. ಅಮ್ಮಿ ಇಡೀ ಹೊತ್ತು ತಲೆ ಎತ್ತಿ ಇಳಿಸಿ ಬರೆಯುತ್ತಲೇ ಇದ್ದಳು.

ಮಧ್ಯಾಹ್ನ ಶರಣಮ್ಮ ಕರೆಯದಿದ್ದರೂ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ‘ನಿನ್ನಿ ಅರ್ಧ ಊಟ ಆಗಿತ್ತ್ರಿ’ ಅಂದರು. ಅಮ್ಮಿ ಚಾಪೆ ಹಾಸಿದಳು.

‘ಓದ್ರಿ ಟೀಚರ್, ಏನ್ ಬರದೀರಿ.’

ಅಮ್ಮಿ ಓದಿದಳು. ಮೊದಮೊದಲು ದನಿಯಲ್ಲಿ ನಿನ್ನೆಯ ಸಿಟ್ಟಿತ್ತು. ಬಲಗಡೆಯ ಐದು ಮಕ್ಕಳ ಕಡೆ ನೀವು ಒಮ್ಮೆಯೂ ತಿರುಗಲಿಲ್ಲ. ನಕ್ಕ ಮಕ್ಕಳ ಮೇಲೆ ಇದ್ದ ಗಮನ ಉತ್ತರ ಹೇಳಿದ ಹುಡುಗನ ಮೇಲಿರಲಿಲ್ಲ, ಅವನು ಆಮೇಲೆ ಬಾಯಿ ತೆರೆಯಲಿಲ್ಲ. ಓದಿಸಲು ವೇಳೆ ಉಳಿಸಿಕೊಳ್ಳಲಿಲ್ಲ. ಶರಣಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಹುಡುಗ ಬಾಯಿ ತೆರೆಯಲಿಲ್ಲ ಅನ್ನುವ ಮಾತಿಗೆ ಅವರು ಕಣ್ಣು ಮುಚ್ಚಿದರು. ‘ಅದು ನಾ ನೋಡೇ ಇಲ್ರಿ,’ ಅಂದರು. ಎಡಗೈಯಿಂದಲೇ ಪೆನ್ನು ತೆಗೆದುಕೊಂಡು ತಮ್ಮ ತಪ್ಪನ್ನು ತಾವೇ ಸೊಟ್ಟಸೊಟ್ಟಗೆ ಬರೆದುಕೊಂಡರು. ನಾನು ಮಂಚದ ಕಾಲು ಹಿಡಿದು ನೋಡುತ್ತಿದ್ದೆ. ದೊಡ್ಡವರಿಗೂ ತಪ್ಪು ತೋರಿಸಬಹುದು, ತೋರಿಸಿದರೆ ಅವರು ಸಾಯುವುದಿಲ್ಲ, ಮುಂದಿನ ತುತ್ತನ್ನು ಉಣ್ಣುತ್ತಾರೆ. ಇದು ನಮ್ಮ ಊರಿನಲ್ಲಿ ಯಾರೂ ಯಾರಿಗೂ ತೋರಿಸಿಕೊಡದ ವಿಷಯ. ಆ ಸೊಟ್ಟ ಅಕ್ಷರಗಳು ನನಗೆ ಈಗಲೂ ನೆನಪಿವೆ.

ಓದುತ್ತ ಓದುತ್ತ ಅಮ್ಮಿಯ ದನಿ ಇಳಿಯಿತು. ಕೊನೆಯ ಸಾಲಿಗೆ ಬಂದು ನಿಲ್ಲಿಸಿದಳು.

‘ಇನ್ನೊಂದು ಬರದೇನ್ರಿ. ಆ ಮೊದಲ್ನೇ ಪ್ರಶ್ನಿ ಕೇಳಿ ನೀವು ಸುಮ್ಮ ನಿಂತ್ರಿ. ಭಾಳ ಹೊತ್ತು ನಿಂತ್ರಿ. ಆವಾಗ ನನ್ನ ಬಾಜೂಕ ಕುಂತಾಕಿ ತುಟಿ ಅಲ್ಲಾಡಸಿದ್ಲು. ಅಂಬಾಡಾ ಅಂತ. ಯಾರಿಗೂ ಕೇಳ್ಸಿಲ್ಲ. ನಾ ನೋಡಿದೆ.’ ಅವಳು ನೋಟುಪುಸ್ತಕ ಮುಚ್ಚಿದಳು. ‘ನಾ ಮುಂದ ನಿಂತಿದ್ರ ನೋಡ್ತಿದ್ದಿಲ್ಲ್ರಿ.’

ಶರಣಮ್ಮ ಅವಳಿಗೆ ಉಪದೇಶ ಹೇಳಲಿಲ್ಲ. ‘ಹಂಗಾದ್ರ ನಾಳಿ ಅದೊಂದೇ ಮಾಡೂಣ್ರಿ,’ ಅಂದರು. ‘ಕೇಳೂದು, ಕಾಯೂದು. ಉಳಿದಿದ್ದು ಆಮ್ಯಾಲ.’

ಕಾಯುವುದು ಇಷ್ಟು ಕಷ್ಟದ ಕೆಲಸವೆಂದು ನಮ್ಮ ಮನೆಗೆ ಆಗ ಗೊತ್ತಾಯಿತು. ಅಮ್ಮಿಗೆ ಪ್ರಶ್ನೆಯ ಬಾಲದಲ್ಲೇ ಉತ್ತರ ಬರುತ್ತಿತ್ತು. ಅದನ್ನು ನುಂಗಿಕೊಳ್ಳಲು ಅವಳು ಮನೆಯಲ್ಲೇ ಅಭ್ಯಾಸ ಶುರುಮಾಡಿದಳು. ಅಬ್ಬಾನಿಗೆ ಒಂದು ಮಾತು ಕೇಳುವುದು, ಸೆರಗಿನೊಳಗೆ ಬೆರಳು ಮಡಚುತ್ತ ಒಂದರಿಂದ ಹತ್ತು ಎಣಿಸುವುದು. ಅಬ್ಬಾ ಗಾಬರಿಯಾಗಿ, ‘ಯಾಕೆ ಹಾಗೆ ನೋಡ್ತೀ?’ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳು ದಾದಿಗೆ, ‘ಇವತ್ತು ಏನು ಮಾಡಲಿ?’ ಎಂದು ಕೇಳಿದಳು. ದಿನವೂ ಕೇಳುವ ಪ್ರಶ್ನೆ. ಕೇಳಿ, ‘ಖಿಚಡಿ ಅಲ್ಲವಾ’ ಎಂದು ತಾನೇ ಮುಗಿಸಿ ಒಳಗೆ ಹೋಗುತ್ತಿದ್ದಳು. ಅಂದು ಮಂಚದ ಬಳಿ ಕುಳಿತುಕೊಂಡಳು. ದಾದಿಯ ಬಾಯಿ ಒಂದು ಕಡೆ ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ಅಬ್ಬಾ ಏನೋ ಹೇಳಲು ಬಂದಾಗ ಅಮ್ಮಿ ಕೈಯೆತ್ತಿ ತಡೆದಳು. ‘ಖಿಚಡಿ... ನಕ್ಕೋ, ದುಲ್ಹನ್,’ ಅಂದಳು ದಾದಿ. ಬೇಡ ಸೊಸೆಯೇ ಎಂದು ಅರ್ಥ. ಮತ್ತೆ ಬಹಳ ಹೊತ್ತು ತೆಗೆದುಕೊಂಡು, ಲಕ್ವಾ ಹೊಡೆದ ದಿನದಿಂದ ಖಿಚಡಿ ತಿಂದು ತಿಂದು ಸಾಕಾಗಿದೆ, ಖಾರದ ಬೇಳೆಯಲ್ಲಿ ನೆನೆಸಿದ ರೊಟ್ಟಿ ಬೇಕು ಅಂದಳು. ಅಮ್ಮಿ ಅವಳ ಸತ್ತ ಕೈಯನ್ನು ಹಿಡಿದುಕೊಂಡು ಕುಳಿತೇ ಇದ್ದಳು. ಶಾಲೆಗೆ ಅವಳು ತಡವಾಗಿ ಹೋದದ್ದು ನನಗೆ ತಿಳಿದಂತೆ ಅದೊಂದೇ ದಿನ.

ನನ್ನ ಅಕ್ಷರಗಳು ಶುರುವಾದದ್ದು ಫರಸಿ ಕಲ್ಲುಗಳ ಮೇಲೆ. ಶಾಲೆಯಿಂದ ಬಂದ ಮೇಲೆ ಅಮ್ಮಿ ಒಂದೊಂದು ಕಲ್ಲಿನ ಮೇಲೆ ಒಂದೊಂದು ಪದ ಬರೆಯುತ್ತಿದ್ದಳು. ಯಾವ ಪದ ಎಂದು ನಾನು ಹೇಳಬೇಕು, ಅವಳು ಬರೆಯಬೇಕು. ನಾನು ತಂತಿ ಅಂದೆ, ತವಾ ಅಂದೆ, ದಾದಿ ಅಂದೆ, ಅಂಬಾಡಾ ಅಂದೆ. ಅದರ ಪಕ್ಕದ ಕಲ್ಲಿನಲ್ಲಿ ಅವಳು ಪುಂಡಿ ಎಂದು ಬರೆದಳು. ನಾನು ಬಾಯಿಪಾಠ ಮಾಡದ, ನನ್ನದೇ ಬಾಯಿಂದ ಹೊರಟ ಮಾತು ಬಿಳಿಯ ಗೆರೆಯಾಗಿ ಕಾಲ ಬುಡದಲ್ಲಿ ಕುಳಿತಿತ್ತು. ‘ತಂತಿ’ಯ ತ, ‘ತವಾ’ದಲ್ಲೂ ಇದೆ ಎಂದು ಕಂಡ ಕ್ಷಣದಲ್ಲಿ ನಾನು ಆ ಎರಡು ಕಲ್ಲುಗಳ ನಡುವೆ ನಾಲ್ಕಾರು ಸಲ ಓಡಾಡಿದೆ. ಇರುವೆಗಳಲ್ಲಿ ಒಂದು ನನಗೆ ಗುರುತು ಸಿಕ್ಕಿತ್ತು. ಅಬ್ಬಾ ಅಕ್ಷರದ ಮೇಲೆ ಕಾಲಿಡಬಾರದೆಂದು ಗೋಡೆಗುಂಟ ನಡೆಯುತ್ತಿದ್ದರು. ಗಿರಾಕಿಗಳೂ ಚಪ್ಪಲಿ ಬಿಟ್ಟು ಹಾಗೆಯೇ ನಡೆಯತೊಡಗಿದರು.

ಶಾಲೆಯಲ್ಲೂ ಕೂಗುವುದು ಕಡಿಮೆಯಾಯಿತು. ಬೆಳಿಗ್ಗೆ ಯಾರಾದರೂ ಒಬ್ಬರು ತಮ್ಮ ಮನೆಯ ಸುದ್ದಿ ಹೇಳಬೇಕು, ಅಮ್ಮಿ ಅದನ್ನು ಹಲಗೆಯ ಮೇಲೆ ಬರೆಯಬೇಕು, ಅದೇ ಪಾಠ. ಶರಣಮ್ಮ ವಾರಕ್ಕೆ ಎರಡು ಸಲ ಬಂದು ಹಿಂದೆ ಕುಳಿತು ಚೌಕ ಬರೆಯುತ್ತಿದ್ದರು. ಮಧ್ಯಾಹ್ನ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಆ ಹಾಳೆಯ ಮೇಲೆ ಬಗ್ಗಿ ವಾದ ಮಾಡುತ್ತಿದ್ದರು. ಕೆಲವು ದಿನ ಅಮ್ಮಿ ಹಳೆಯ ಹಾದಿಗೆ ಹೊರಳಿ ಇಡೀ ತರಗತಿಯನ್ನು ಕೂಗಿಸಿಬಿಡುತ್ತಿದ್ದಳು. ಆ ದಿನಗಳ ಊಟ ಮೌನವಾಗಿರುತ್ತಿತ್ತು. ಆದರೆ ಚಾಪೆ ಹಾಸುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ, ನಾನು ತಡವಾಗಿ ಒಳಗೆ ಬಂದಾಗ, ಹಲಗೆಯ ಮೇಲೆ ಒಂದು ಸಾಲು ಆಗಲೇ ಇತ್ತು. ಅದನ್ನು ಹೇಳಿದವರು ಯಾರು, ಏನು ಹೇಳಿದರು ನನಗೆ ಗೊತ್ತಿರಲಿಲ್ಲ. ಅಮ್ಮಿ ತರಗತಿಯನ್ನು ಒಮ್ಮೆ ನೋಡಿ, ‘ಶಾಹೀನ್’ ಅಂದಳು. ಆ ಕೋಣೆಯಲ್ಲಿ ನನ್ನ ಹೆಸರನ್ನು ಅವಳು ಹಾಜರಿಯ ಹೊರತು ಕರೆದದ್ದು ಅದೇ ಮೊದಲು. ನಾನು ಎದ್ದು ನಿಂತೆ. ಮುಂದಿನ ಸಾಲು ತಿರುಗಿ ನೋಡಿತು. ಅಮ್ಮಿ ಕಾಯುತ್ತಿದ್ದಳು. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರು ಬಂದು, ಹಾದು, ದೂರವಾಯಿತು. ಇನ್ನೂ ಕಾಯುತ್ತಿದ್ದಳು. ನಾನು ‘ನ’ ಅಂದೆ. ‘ನಮ್ಮ’ ಅಂದೆ. ‘ನಮ್ಮ ಎಮ್ಮೆ’ ಅಂದೆ. ನನಗೆ ಬೆವರು ಇಳಿಯುತ್ತಿತ್ತು. ‘ನಮ್ಮ ಎಮ್ಮೆ ಕರು ಹಾಕಿದೆ’ ಎಂದು ಮುಟ್ಟುವಷ್ಟರಲ್ಲಿ ಒಂದು ಊರು ದಾಟಿದಷ್ಟು ದಣಿವಾಗಿತ್ತು. ಆ ಕರು ನನಗೆ ಯಾರೂ ಹೇಳಿರಲಿಲ್ಲ, ನಾನೇ ಅದನ್ನು ಆ ಗೆರೆಗಳೊಳಗಿಂದ ಹೊರಗೆ ಎಳೆದಿದ್ದೆ. ಅಮ್ಮಿ ಶಾಬಾಶ್ ಅನ್ನಲಿಲ್ಲ. ‘ಕೂಡು’ ಅಂದಳು. ಅವಳ ಕೈಯಲ್ಲಿ ಸೀಮೆಸುಣ್ಣ ಪುಡಿಯಾಗಿತ್ತು.

ವರದಿ ಕೊಡುವ ದಿನ ಬಂತು. ಶರಣಮ್ಮ ಅದನ್ನು ಕಚೇರಿಗೆ ಒಯ್ಯುವ ಮೊದಲು ನಮ್ಮ ಪಡಸಾಲೆಯಲ್ಲಿ ಕುಳಿತು ಅಮ್ಮಿಗೆ ಪೂರ್ತಿ ಓದಿ ಹೇಳಿದರು. ಹೊಗಳಿಕೆ ಹೆಚ್ಚಿರಲಿಲ್ಲ. ಅರ್ಧ ಮಕ್ಕಳು ಈಗ ಹೊಸ ಸಾಲು ಓದುತ್ತಾರೆ, ಇನ್ನರ್ಧಕ್ಕೆ ಬರುವುದಿಲ್ಲ, ಟೀಚರು ಬದಲಾಗುತ್ತಿದ್ದಾರೆ, ವೇಳೆ ಬೇಕು. ನಡುವೆ ಒಂದು ಸಾಲಿತ್ತು: ಶಿಕ್ಷಕಿಯ ಸ್ವಂತ ಮಗಳಿಗೇ ಓದಲು ಬರುತ್ತಿರಲಿಲ್ಲ, ಅದು ಅವರಿಗೆ ತಿಳಿದಿರಲಿಲ್ಲ.

ಅಬ್ಬಾ ತಡೆಯಲಾರದೆ ಅಂದರು, ‘ಮೇಡಂ, ಅದೊಂದು ಸಾಲು ತೆಗೀರ್ರಿ. ಆಫೀಸ್ನ್ಯಾಗ ಓದಿದವ್ರು ಏನ್ ಅಂದಾರು?’

ಶರಣಮ್ಮ ಅಮ್ಮಿಯ ಕಡೆ ನೋಡಿದರು. ‘ನೀವು ತೆಗಿ ಅಂದ್ರ ತೆಗೀತೇನಿ ಟೀಚರ್.’

ಅಮ್ಮಿ ನನ್ನನ್ನು ನೋಡಿದಳು, ದಾದಿಯನ್ನು ನೋಡಿದಳು. ಆ ಸಾಲು ಅವಳನ್ನು ಈ ಮನೆಯಿಂದ ಕಿತ್ತು ಒಯ್ಯಬಹುದಿತ್ತು. ‘ಇರ್ಲಿ ಬಿಡ್ರಿ,’ ಅಂದಳು. ‘ಖರೇನೇ ಅದ. ಅದು ಇಲ್ಲಂದ್ರ ಉಳಿದಿದ್ದೂ ಸುಳ್ಳು ಕಾಣಸ್ತದ.’

ಕಚೇರಿಯವರು ಅದನ್ನು ಓದಿ ಏನು ಮಾತಾಡಿಕೊಂಡರೋ ತಿಳಿಯದು. ಹದಿನೈದು ದಿನ ನಾವು ಬಾಗಿಲ ಕಡೆಯೇ ನೋಡಿದೆವು. ಆಮೇಲೆ ಪತ್ರ ಬಂತು: ವರ್ಷ ಮುಗಿಯುವ ತನಕ ಇಲ್ಲೇ ಇರಲಿ, ಆಮೇಲೆ ಮತ್ತೆ ನೋಡುತ್ತೇವೆ. ವರ್ಷ ಮುಗಿಯುವ ಹೊತ್ತಿಗೆ ಮೂರು ಮಕ್ಕಳ ಹೊರತು ಎಲ್ಲರೂ ಓದುತ್ತಿದ್ದರು. ಆ ಮೂವರ ಹೆಸರನ್ನು ಅಮ್ಮಿ ತಾನಾಗಿಯೇ ಬರೆದು ಕಳಿಸಿದಳು. ಅವಳನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ. ನಾನು ಈಗ ಜೇವರ್ಗಿ ಕಡೆಯ ಶಾಲೆಗಳಿಗೆ ಹೋಗಿ ಪಾಠ ನೋಡುವ ಕೆಲಸದಲ್ಲಿದ್ದೇನೆ. ಬಹಳಷ್ಟು ವರದಿ ಬರೆದಿದ್ದೇನೆ. ತಮ್ಮ ಮೇಲಿನ ಅಂಥ ಸಾಲನ್ನು ಇರಲಿ ಬಿಡಿ ಅಂದ ಇನ್ನೊಬ್ಬರನ್ನು ಕಂಡಿಲ್ಲ.

ಮುಂದಿನ ವರ್ಷ ಮಳೆಗಾಲ ಮುಗಿದ ಮೇಲೆ ಶರಣಮ್ಮ ಸುತ್ತಲಿನ ಊರುಗಳಿಂದ ಐದು ಜನ ಶಿಕ್ಷಕರನ್ನು ಅಮ್ಮಿಯ ಪಾಠ ನೋಡಲು ಕರೆತಂದರು. ಅವರೆಲ್ಲ ಹಿಂದಿನ ಸಾಲಿನಲ್ಲಿ ಮೊಣಕಾಲು ಮಡಚಿ ಕುಳಿತಿದ್ದರಂತೆ. ನಾನು ಆಗ ನಾಲ್ಕನೇ ತರಗತಿಯಲ್ಲಿದ್ದೆ, ನೋಡಲು ಸಿಗಲಿಲ್ಲ. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಎಲ್ಲರ ಊಟ. ನಾನು ರೊಟ್ಟಿ ತಂದು ಹಾಕುತ್ತಿದ್ದೆ. ಅತನೂರಿನ ಕಡೆಯಿಂದ ಬಂದಿದ್ದ ಒಬ್ಬ ಎಳೆಯ ಮಾಸ್ತರರು, ಮಾತಿಗೆ ಮಾತು ಬಂದು, ಕೇಳಿದರು:

‘ಟೀಚರ್, ನಿಮ್ಮ ಮಗಳಿಗೇ ಓದಾಕ ಬರ್ತಿದ್ದಿಲ್ಲಂತ ವರದ್ಯಾಗ ಇತ್ತಂತಲ್ರಿ. ಆಕಿ ನಿಮಗ ಹೆಂಗ ಗೊತ್ತಾಗ್ಲಾರ್ದಂಗ ಇದ್ಲ್ರಿ?’

ಅಬ್ಬಾ ತಲೆ ತಗ್ಗಿಸಿದರು. ಅಮ್ಮಿ ಆ ಮಾತಿಗೆ ಉತ್ತರ ಹೇಳಬಹುದಿತ್ತು, ಹೇಳಲಿಲ್ಲ. ಅವಳು ನನ್ನ ಕಡೆ ತಿರುಗಿದಳು, ಸುಮ್ಮನೆ ತಿರುಗಿ ಕುಳಿತಳು. ರೊಟ್ಟಿಯ ಬುಟ್ಟಿ ನನ್ನ ಕೈಯಲ್ಲಿ ಬಿಸಿಯಾಗಿತ್ತು.

‘ಆಕಿ ನಾನೇ ರೀ,’ ಅಂದೆ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಓದಲು ಬಾರದ ಮಗು ಹೇಗೆ ಅಡಗಿಕೊಳ್ಳುತ್ತದೆಂದು ನಾನು ಅವರಿಗೆ ಹೇಳಿದೆ. ಪಕ್ಕದವಳು ಪುಟ ತಿರುವಿದಾಗ ತಿರುವುವುದು. ಕೂಗುವಾಗ ಎಲ್ಲರಿಗಿಂತ ಜೋರಾಗಿ ಕೂಗುವುದು, ಆಗ ಟೀಚರಿಗೆ ನಮ್ಮ ಮೇಲೆ ಅನುಮಾನ ಬರುವುದಿಲ್ಲ. ಪ್ರಶ್ನೆ ಬರುವ ಹೊತ್ತಿಗೆ ಕೆಳಗೆ ಬಿದ್ದ ಬಳಪ ಹುಡುಕುವುದು. ಬರೆಯುವಾಗ ಪಕ್ಕದವರ ಪಾಟಿಯಿಂದ ಅಕ್ಷರಗಳನ್ನು ಚಿತ್ರದ ಹಾಗೆ ಇಳಿಸಿಕೊಳ್ಳುವುದು, ಅಂದವಾಗಿ, ಯಾಕೆಂದರೆ ಅಂದದ ಬರಹ ನೋಡಿದವರು ಓದಿಸುವುದಿಲ್ಲ. ಹೊಟ್ಟೆನೋವು ಎಂದಾಗ ನಿಜವಾಗಿಯೂ ನೋಯುತ್ತದೆ ಎಂದೂ ಹೇಳಿದೆ. ಇದೆಲ್ಲ ಅಮ್ಮಿಗೂ ಗೊತ್ತಿರಲಿಲ್ಲ. ಮಾತಿನ ನಡುವೆ ಏನೋ ಸದ್ದಾಯಿತೆಂದು ನೋಡಿದರೆ, ಐದೂ ಜನ ಎಡಗೈಯಿಂದ ತಮ್ಮ ತಮ್ಮ ಚೀಲ ಬಿಚ್ಚಿ, ಎಂಜಲು ಕೈ ಒರೆಸಿಕೊಂಡು, ಬರೆದುಕೊಳ್ಳುತ್ತಿದ್ದರು. ಮಾಸ್ತರರು, ಮೀಸೆ ಇದ್ದವರು, ಕನ್ನಡಕ ಇದ್ದವರು, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಶರಣಮ್ಮನವರೂ ಬರೆಯುತ್ತಿದ್ದರು. ನಾನು ಬುಟ್ಟಿ ಕೆಳಗಿಟ್ಟು ಮಾತು ಮುಂದುವರಿಸಿದೆ.

ಅತನೂರಿನ ಮಾಸ್ತರರು ಮಾತ್ರ ಬರೆಯುವುದನ್ನು ನಡುವೆಯೇ ನಿಲ್ಲಿಸಿದ್ದರು. ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತರು. ತಟ್ಟೆಯಲ್ಲಿ ಊಟ ಹಾಗೇ ಇತ್ತು.

‘ಯಾಕ್ರಿ, ಎದ್ರಿ?’ ಅಬ್ಬಾ ಕೇಳಿದರು.

‘ನನ್ನ ಕ್ಲಾಸ್ನ್ಯಾಗ ಒಬ್ಬಾಕಿ ಅದಾಳ್ರಿ,’ ಅಂದರು ಅವರು. ‘ಭಾಳ ಚಂದ ಬರೀತಾಳ. ನಾ ಎಲ್ಲರಿಗೂ ತೋರಸ್ತಿದ್ದೆ.’

ಕರಜಗಿಯಿಂದ ಎರಡು ಗಂಟೆಗೆ ಒಂದು ಬಸ್ಸಿತ್ತು. ಅದು ಸಿಕ್ಕರೆ ಶಾಲೆ ಬಿಡುವುದರೊಳಗೆ ಮುಟ್ಟುತ್ತೇನೆ ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದರು. ಅಮ್ಮಿ ಬಾಗಿಲಿಗೆ ಬಂದಳು, ನಾನೂ ಬಂದೆ. ಮೊದಲು ಅವರು ಬಿರುಸಾಗಿ ನಡೆಯುತ್ತಿದ್ದರು. ಊರ ಹೊರಗಿನ ತಿರುವಿಗೆ ಬರುವಷ್ಟರಲ್ಲಿ, ಚೀಲವನ್ನು ಎದೆಗವಚಿಕೊಂಡು, ಓಡುತ್ತಿದ್ದರು.